ಕುಂಟು ಮಗ್ಗದ ತಾಳ

ಲಂಡನ್
14 ಅಕ್ಟೋಬರ್ 1963

ವಿನ್ನಿ ಅತ್ತೆಗೆ,

ಅಂತೂ ಬಂದು ಸೇರಿದೆವು. ವ್ಯಾನು ದಾರಿಯಲ್ಲಿ ಎರಡು ಸಲ ಕೈಕೊಟ್ಟಿತು. ನಾನು ಇಳಿದು ತಳ್ಳಿದೆ, ನಾರ್ಮನ್ ತಳ್ಳಿದ, ಗಿಟಾರಿನ ಆಲನ್ ತಳ್ಳಿದ. ಡೆಸ್ ಮಾತ್ರ ಒಳಗೇ ಕೂತಿದ್ದ. ಹಾಡುವವನ ಗಂಟಲಿಗೆ ಥಂಡಿ ಹಿಡಿಯಬಾರದಂತೆ!

ನಮ್ಮ ಮ್ಯಾನೇಜರ್ ಮಿಸ್ಟರ್ ಪೈಕ್ ಒಂಟೆ ಬಣ್ಣದ ಕೋಟು ಹಾಕುತ್ತಾನೆ, ಕೂತಲ್ಲಿ ಕೂರುವುದಿಲ್ಲ. 'ದಿ ಕ್ಯಾಲಿಕೋಸ್' ಅನ್ನುವ ಹೆಸರು ಅವನಿಗೆ ಬಹಳ ಹಿಡಿಸಿತು. ನಮ್ಮೂರ ಗಿರಣಿಯಲ್ಲಿ ನೇಯುವ ಬಟ್ಟೆಯ ಹೆಸರು ಅಂದಾಗ ಮುಖ ಹುಳಿ ಮಾಡಿಕೊಂಡ. "ಅದನ್ನ ಯಾರ ಹತ್ರಾನೂ ಹೇಳ್ಬೇಡಿ" ಅಂದ. ಆಮೇಲೆ ನನ್ನನ್ನು ನೋಡಿ, "ಹುಡುಗಿ ಡ್ರಮ್ ಬಾರಿಸ್ತಾಳಾ? ಭೇಷ್! ಪೇಪರಿನೋರು ಮುಗಿಬೀಳ್ತಾರೆ" ಅಂದ.

"ನಾನು ಬಾರಿಸೋದು ಕೇಳಿದ್ರಾ?" ಅಂದೆ.

"ಹಾಂ, ಅದೂ ಚೆನ್ನಾಗಿದೆ" ಅಂದ. ಅದೂ ಅಂತೆ!

ಬೆಳಗಿನ ಜಾವ ಕಿಟಕಿ ತಟ್ಟಿ ಗಿರಣಿಯವರನ್ನು ಎಬ್ಬಿಸುವವನ ಮೇಲೆ ನಾರ್ಮನ್ ಬರೆದ 'ಕಿಟಕಿ ತಟ್ಟುವವ' ಹಾಡನ್ನೇ ಮೊದಲು ರೆಕಾರ್ಡ್ ಮಾಡುತ್ತಾರಂತೆ. ಅದರ ತಾಳ ನಿನ್ನದು, ಅತ್ತೆ. ಚಿಕ್ಕವಳಿದ್ದಾಗ ನಿನಗೆ ಊಟ ತಂದುಕೊಟ್ಟು ಮಗ್ಗಗಳ ನಡುವೆ ನಿಂತಿರುತ್ತಿದ್ದೆನಲ್ಲ, ನಿನ್ನ ನಾಲ್ಕನೇ ಮಗ್ಗ ಮೂರನೇ ಹೊಡೆತಕ್ಕೆ ಒಂದು ಸಲ ಎಡವಿ ಮುಂದೆ ಹೋಗುತ್ತಿತ್ತು. ಆ ಎಡವುವುದನ್ನೇ ಹಾಡಿನಲ್ಲಿ ಇಟ್ಟಿದ್ದೇನೆ. ಬೇರೆ ಯಾರ ಡ್ರಮ್ಮಿನಲ್ಲೂ ಅದಿಲ್ಲ.

ನಿನ್ನ ಥೆಲ್ಮಾ

*

ಬರ್ನ್ಲಿ
22 ಅಕ್ಟೋಬರ್ 1963

ಥೆಲ್ಮಾ,

ಕಾಗದ ಬಂತು. ಶೆಡ್ಡಿನಲ್ಲಿ ಆಲಿಸ್ ಮೂರು ಮಗ್ಗದಾಚೆಯಿಂದ ತುಟಿಯಲ್ಲೇ "ಹುಡುಗಿ ಬರ್ದಿದ್ಲಾ?" ಅಂದಳು. ನಾನೂ ತುಟಿಯಲ್ಲೇ "ಬರ್ದಿದಾಳೆ, ಮ್ಯಾನೇಜರ್ ಒಂಟೆಯಂತೆ" ಅಂದೆ. ಊಟದ ಗಂಟೆ ಹೊಡೆಯುವುದರೊಳಗೆ ನೀನು ಒಂಟೆಯನ್ನು ಮದುವೆಯಾಗುತ್ತಿದ್ದೀಯ ಅಂತ ಶೆಡ್ಡಿಗೆಲ್ಲ ಸುದ್ದಿ. ಆ ಗದ್ದಲದಲ್ಲಿ ಬಾಯಿಮಾತು ಕೇಳುವುದಿಲ್ಲ, ನಿಜ. ಹಾಗಂತ ಚಾಡಿ ನಿಲ್ಲುತ್ತದೆಯೇ?

ಆ ನಾಲ್ಕನೇ ಮಗ್ಗಕ್ಕೆ ಈಗಲೂ ಅದೇ ರೋಗ. ಮೇಸ್ತ್ರಿ ಬಂದು ಬಂದು ಬಿಗಿಸಿ ಹೋಗುತ್ತಾನೆ, ಅದು ಅವನ ಬೆನ್ನು ತಿರುಗುತ್ತಲೇ ಕುಂಟುತ್ತದೆ. ಮನೆತನದ ಬುದ್ಧಿ.

ಹೊಟ್ಟೆಗೆ ಸರಿಯಾಗಿ ತಿನ್ನು. ಬರೀ ಚಿಪ್ಸ್ ತಿಂದರೆ ತೋಳಿನಲ್ಲಿ ಶಕ್ತಿ ಎಲ್ಲಿಂದ ಬರುತ್ತದೆ? ಯಾರಾದರೂ "ಅದೂ ಚೆನ್ನಾಗಿದೆ" ಅಂದರೆ ಇನ್ನೂ ಜೋರಾಗಿ ಹೊಡಿ.

ವಿನ್ನಿ ಅತ್ತೆ

*

ಲಂಡನ್
19 ಫೆಬ್ರವರಿ 1964

ಅತ್ತೆ,

ಈ ಪೊಟ್ಟಣದಲ್ಲಿ ನಮ್ಮ ರೆಕಾರ್ಡ್ ಇದೆ. ಜೋಪಾನವಾಗಿ ಬಿಚ್ಚು. ಆಲಿಸಳ ಮನೆಯಲ್ಲಿ ಹಾಕಿಸಿಕೊಂಡು ಕೇಳು.

ರೆಕಾರ್ಡಿಂಗ್ ಬೇಗ ಮುಗಿಯಿತು. ಹೆಚ್ಚು ಹೇಳುವಂಥದ್ದೇನೂ ಇಲ್ಲ. ಚಳಿ ಇದೆ, ಕೆಲಸ ಇದೆ, ನಾರ್ಮನ್ ನಿನ್ನನ್ನು ಕೇಳಿದ. ಡ್ರಮ್ ಹೇಗಿದೆ ಅಂತ ಮಾತ್ರ ಬರಿ. ನಿನಗೆ ಅನ್ನಿಸಿದ್ದನ್ನೇ ಬರಿ.

ಥೆಲ್ಮಾ

*

ಬರ್ನ್ಲಿ
3 ಮಾರ್ಚ್ 1964

ಪ್ರೀತಿಯ ಥೆಲ್ಮಾ,

ರೆಕಾರ್ಡ್ ಒಡೆಯದೆ ಬಂತು. ಬೀದಿಯವರೆಲ್ಲ ಆಲಿಸಳ ಮುಂಕೋಣೆಯಲ್ಲಿ ಸೇರಿದ್ದರು. ಕೂರಲು ಜಾಗವಿಲ್ಲದೆ ಇಬ್ಬರು ಮೆಟ್ಟಿಲ ಮೇಲಿದ್ದರು. ಎಲ್ಲರೂ ಚೆನ್ನಾಗಿದೆ ಅಂದರು. ಕವರಿನ ಮೇಲಿನ ಫೋಟೋದಲ್ಲಿ ನೀನು ಹಾಕಿದ ಗೌನು ಮಂಡಿಗಿಂತ ಒಂದು ಗೇಣು ಮೇಲಿದೆ. ಮಂಡಿಗೆ ಥಂಡಿಯಾಗುವುದಿಲ್ಲವೇ? ಡೆಸ್‌ನ ಗಂಟಲಿಗೆ ಆಗುತ್ತದೆ, ನಿನ್ನ ಮಂಡಿಗೆ ಆಗುವುದಿಲ್ಲವೋ?

ಡ್ರಮ್ ಚೆನ್ನಾಗಿದೆ. ನೀಟಾಗಿದೆ.

ವಿನ್ನಿ ಅತ್ತೆ

*

ಲಂಡನ್
28 ಮೇ 1964

ಅತ್ತೆ,

'ನೀಟಾಗಿದೆ' ಅಂತ ನೀನು ಬರೆದಿದ್ದೆ. ಹತ್ತಿರ ಮೂರು ತಿಂಗಳಿಂದ ಆ ಮಾತನ್ನೇ ಮೆಲುಕು ಹಾಕುತ್ತಿದ್ದೇನೆ. ಗೌನಿಗೆ ಅಷ್ಟುದ್ದ ಮಾತು, ಡ್ರಮ್ಮಿಗೆ ಎರಡೇ ಮಾತು. ಹೋಗಲಿ ಬಿಡು.

ಹಾಡು ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಒಂಬತ್ತನೇ ಸ್ಥಾನಕ್ಕೆ ಏರಿದೆ. ಬೀದಿಯಲ್ಲಿ ಹುಡುಗಿಯರು ಡೆಸ್‌ನ ಟೈ ಕಿತ್ತುಕೊಂಡು ಓಡುತ್ತಾರೆ. ಬರುವ ಶುಕ್ರವಾರ ಸಂಜೆ ಟಿ.ವಿ.ಯಲ್ಲಿ ಬರುತ್ತೇವೆ. ಮನಸ್ಸಿದ್ದರೆ ನೋಡು.

ಥೆಲ್ಮಾ

*

ಬರ್ನ್ಲಿ
7 ಜೂನ್ 1964

ಥೆಲ್ಮಾ,

ನೋಡಿದೆ. ನಾನೊಬ್ಬಳೇ ಅಲ್ಲ, ಆಲಿಸಳ ಮನೆಯಲ್ಲಿ ಕಿಕ್ಕಿರಿದು ತುಂಬಿದ್ದ ನೇಕಾರ ಹೆಂಗಸರೆಲ್ಲ ನೋಡಿದರು.

ಟಿ.ವಿ.ಯಲ್ಲಿ ಯಾರೂ ನಿಜವಾಗಿ ಬಾರಿಸುವುದಿಲ್ಲ, ರೆಕಾರ್ಡ್ ಹಾಕಿ ಬಾಯಿ ಕೈ ಆಡಿಸುತ್ತಾರೆ ಅಂತ ಈಗ ಗೊತ್ತಾಯಿತು. ಮೈಕು ಸತ್ತಿದೆ, ಏನು ಮಾತಾಡಿದರೂ ಯಾರಿಗೂ ಕೇಳುವುದಿಲ್ಲ ಅಂತ ನೀವು ಅಂದುಕೊಂಡಿರಿ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಅಲ್ಲವೇ ಹುಡುಗಿ, ಯಾರ ಮನೆಯಲ್ಲಿ ಬೆಳೆದೆ ಅನ್ನುವುದೇ ಮರೆತುಹೋಯಿತೇ?

ಎರಡನೇ ಚರಣ ಮುಗಿದ ಮೇಲೆ ಡೆಸ್ ನಿನ್ನ ಕಡೆ ತಿರುಗಿದ. ಮುಖ ಅಷ್ಟಗಲ ಕಾಣುತ್ತಿತ್ತು. "ಹೆಂಗ್ ಬೇಕಾದ್ರೂ ಬಡಿಯೇ ಥೆಲ್ಮಾ, ಬಾರ್ಸಿರೋದು ಟರ್ನ್‌ಬುಲ್ ತಾನೇ, ತಪ್ಪಾಗಲ್ಲ" ಅಂದ. ನೀನು ಹಲ್ಲು ಬಿಟ್ಟುಕೊಂಡೇ, "ಇನ್ನೊಂದ್ಸಲ ಹೇಳಿದ್ರೆ ಈ ಕೋಲು ನಿನ್ ಮೂಗಲ್ಲಿರುತ್ತೆ" ಅಂದೆ.

ಕೋಣೆಯಲ್ಲಿದ್ದವರೆಲ್ಲ ನಿಮ್ಮಿಬ್ಬರ ತುಟಿ ಓದಿದ್ದರು. ಆಲಿಸ್ ನನ್ನ ಕಡೆ ತಿರುಗಿ, "ಈ ಟರ್ನ್‌ಬುಲ್ ಯಾವೋನೇ?" ಅಂದಳು.

ನಾನೂ ಅದನ್ನೇ ಕೇಳುತ್ತಿದ್ದೇನೆ. ಯಾರವನು?

ನನ್ನದೂ ಒಂದು ಗುಟ್ಟಿದೆ, ಹೇಳಿಬಿಡುತ್ತೇನೆ. ನನಗೆ ಕಿವಿ ಕೇಳುವುದಿಲ್ಲ. ಇಷ್ಟು ವರ್ಷ ಮಗ್ಗದ ಮುಂದೆ ನಿಂತವಳ ಕಿವಿ ಇನ್ನೇನಾಗುತ್ತದೆ? ನೀನು ಸದಾ ಎದುರು ನಿಂತು ಮಾತಾಡುತ್ತಿದ್ದೆ, ನಾನು ತುಟಿ ನೋಡಿ ಉತ್ತರ ಕೊಡುತ್ತಿದ್ದೆ, ನಿನಗೆ ತಿಳಿಯಲೇ ಇಲ್ಲ. ಮಹಡಿಯ ಮೇಲೆ ನೀನು ಡ್ರಮ್ ಬಡಿಯುವಾಗ ಬೀದಿಯೆಲ್ಲ ಬೈದರೂ ನಾನು ಬೈಯಲಿಲ್ಲ. ಅತ್ತೆಯದು ದೊಡ್ಡ ಮನಸ್ಸು ಅಂದುಕೊಂಡೆಯಾ? ಹಲಗೆಯಿಂದ ಗೋಡೆಗೆ, ಗೋಡೆಯಿಂದ ನನ್ನ ಬೆನ್ನಿಗೆ ನಿನ್ನ ತಾಳ ಬರುತ್ತಿತ್ತು. ನನಗೆ ಸಿಗುತ್ತಿದ್ದ ಸಂಗೀತ ಅಷ್ಟೇ. ಅದಕ್ಕಾಗಿ ಗೋಡೆಗೆ ಒರಗಿ ಕೂರುತ್ತಿದ್ದೆ.

ಆ ರೆಕಾರ್ಡ್ ಹಾಕಿದಾಗಲೂ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡಿದ್ದೆ. ತಾಳ ಹೊಸ ಮಗ್ಗದ ಹಾಗೆ ಸಲೀಸಾಗಿ ಹೋಯಿತು, ಎಲ್ಲೂ ಎಡವಲಿಲ್ಲ. ಲಂಡನ್ನಿಗೆ ಹೋಗಿ ನೀನೇ ಅದನ್ನು ಬಿಟ್ಟೆ ಅಂದುಕೊಂಡೆ. ಹೊಟ್ಟೆ ಉರಿಯಿತು. ಅದಕ್ಕೇ ನೀಟಾಗಿದೆ ಅಂದೆ.

ಉತ್ತರ ಬರಿ.

ವಿನ್ನಿ ಅತ್ತೆ

*

ಸ್ಟಾಕ್‌ಹೋಮ್ (ಚಿತ್ರದ ಕಾರ್ಡು)
11 ಸೆಪ್ಟೆಂಬರ್ 1964

ಅತ್ತೆ, ಆರೋಗ್ಯ. ಇಲ್ಲಿ ಮೀನು ಚೆನ್ನಾಗಿದೆ. ಥೆ.

*

ಲಂಡನ್
9 ನವೆಂಬರ್ 1965

ಅತ್ತೆ,

ಕಾರ್ಡುಗಳನ್ನು ಬಿಟ್ಟರೆ ಒಂದೂವರೆ ವರ್ಷದಿಂದ ನಿನಗೆ ಏನೂ ಬರೆದಿಲ್ಲ. ನಾಚಿಕೆಯಾಗಿತ್ತು. ಈಗ ನಾಚಿಕೆಗಿಂತ ಸಿಟ್ಟು ಜಾಸ್ತಿಯಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ರೆಕಾರ್ಡಿಂಗಿನ ದಿನ ನಾನು ಎರಡು ಸಲ ಬಾರಿಸಿದೆ. ಗಾಜಿನಾಚೆ ರೆಕಾರ್ಡಿಂಗ್ ಯಂತ್ರದ ಮುಂದೆ ಇದ್ದವನು, "ಆ ಹುಡುಗಿ ತಾಳ ಕುಂಟುತ್ತೆ, ಸರಿ ಮಾಡ್ಸಿ" ಅಂದ. ಅದು ಕುಂಟಬೇಕಾದ ತಾಳ ಅಂತ ನಾರ್ಮನ್ ವಾದಿಸಿದ. ಅಷ್ಟರಲ್ಲಿ ಬಾಗಿಲಲ್ಲಿ ಬೋಳುತಲೆಯ ಟರ್ನ್‌ಬುಲ್ ನಿಂತಿದ್ದ. ಬಾಡಿಗೆಗೆ ಬಾರಿಸುವವನು, ಮೊದಲೇ ಕರೆಸಿಟ್ಟಿದ್ದರು. ಕೆಟ್ಟವನಲ್ಲ. ಟೋಪಿ ತೆಗೆದು "ಕ್ಷಮಿಸಮ್ಮ" ಅಂದ. ಎಲ್ಲ ತಂಡಗಳಿಗೂ ಹೀಗೇ ಮಾಡುತ್ತಾರಂತೆ. ಪೈಕ್ ನನ್ನ ಭುಜ ತಟ್ಟಿ, "ನೀನು ಕಾಣಿಸ್ಕೊಂಡ್ರೆ ಸಾಕು ಕಣಮ್ಮ" ಅಂದ. ನಾನು ಗಾಜಿನಾಚೆ ಕೂತು ನನ್ನ ಹಾಡನ್ನು ಬೇರೆಯವನು ಬಾರಿಸುವುದು ನೋಡಿದೆ. ಎರಡನೇ ರೆಕಾರ್ಡಿಗೂ ಅವನೇ, ಮೂರನೆಯದಕ್ಕೂ ಅವನೇ.

ಊರೂರು ತಿರುಗಿ ಆಡುವಾಗ ಬಾರಿಸುವುದು ನಾನೇ. ಆದರೆ ಆ ಹುಡುಗಿಯರ ಕಿರುಚಾಟದಲ್ಲಿ ಯಾರಿಗೆ ಏನು ಕೇಳುತ್ತದೆ? ನಮ್ಮ ಶೆಡ್ಡೇ ವಾಸಿ.

ಅತ್ತೆ, ನಿನ್ನ ಕಿವಿಯ ವಿಷಯ ಓದಿದ ದಿನ ಬಹಳ ಅತ್ತುಬಿಟ್ಟೆ. ನೀನು ಗೋಡೆಗೆ ಒರಗಿ ಕೂರುತ್ತಿದ್ದೆ ಅಂತ ಗೊತ್ತಿದ್ದರೆ ಇನ್ನೂ ಚೆನ್ನಾಗಿ ಬಾರಿಸುತ್ತಿದ್ದೆ.

ಥೆಲ್ಮಾ

*

ಬರ್ನ್ಲಿ
12 ಡಿಸೆಂಬರ್ 1965

ಥೆಲ್ಮಾ,

ಕ್ರಿಸ್‌ಮಸ್ಸಿಗೆ ಕಳಿಸಿದ ರೇಷ್ಮೆ ಸ್ಕಾರ್ಫು ಬಂತು. ಅದನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ಆಲಿಸಳ ಬೆಕ್ಕಿಗೆ ಕಟ್ಟಿದ್ದೇನೆ, ಅದು ಡೆಸ್‌ಗಿಂತ ಚೆನ್ನಾಗಿ ಕಾಣುತ್ತದೆ.

ಯುದ್ಧದ ಕಾಲದಲ್ಲಿ ಮೇಸ್ತ್ರಿಗಳೆಲ್ಲ ಸೈನ್ಯಕ್ಕೆ ಹೋದಾಗ ಈ ಶೆಡ್ಡಿನ ಮಗ್ಗಗಳನ್ನು ರಿಪೇರಿ ಮಾಡಿದವಳು ನಾನು. ಗೊತ್ತೇ ನಿನಗೆ? ಗೊತ್ತಿರಲಾರದು, ಯಾರಿಗೂ ಹೇಳಿಲ್ಲ. ಗಂಡಸರು ವಾಪಸು ಬಂದ ದಿನ ಮ್ಯಾನೇಜರ್ ಬಂದು, "ವಿನ್ನಿ, ಆ ಸ್ಪ್ಯಾನರ್ ಇಲ್ಲಿ ಕೊಡು, ಥ್ಯಾಂಕ್ಸ್" ಅಂದ. ನಾನು ಕೊಟ್ಟೆ. ತುಟಿಪಿಟಕ್ಕೆನ್ನದೆ ಕೊಟ್ಟುಬಿಟ್ಟೆ! ಇಪ್ಪತ್ತು ವರ್ಷವಾಯಿತು, ಈಗಲೂ ಆ ನಾಲ್ಕನೇ ಮಗ್ಗವನ್ನು ಬಿಗಿಸಲು ಮೇಸ್ತ್ರಿ ಬಂದಾಗ ನನ್ನ ಕೈ ತುರಿಸುತ್ತದೆ.

ನಿನ್ನನ್ನು ಅಲ್ಲಿಗೆ ಕಳಿಸಿದ್ದು ಬರೀ ಕೋಲಾಡಿಸುವುದಕ್ಕಲ್ಲ. ಅತ್ತು ಬರೆಯಬೇಡ. ಸ್ಪ್ಯಾನರ್ ಕೊಡಬೇಡ.

ವಿನ್ನಿ ಅತ್ತೆ

*

ಲಂಡನ್
20 ಸೆಪ್ಟೆಂಬರ್ 1966

ಅತ್ತೆ,

ಒಂದು ಹೊಸ ಸಂಗತಿ. ಟಿ.ವಿ.ಯಲ್ಲಿ ಇನ್ನು ಮೇಲೆ ರೆಕಾರ್ಡಿಗೆ ಕೈ ಬಾಯಿ ಆಡಿಸುವ ಹಾಗಿಲ್ಲ. ವಾದ್ಯಗಾರರ ಸಂಘ ಹಟ ಹಿಡಿದು ನಿಲ್ಲಿಸಿದೆ. ಬರುವ ತಿಂಗಳು ಏಳನೇ ತಾರೀಖು, ಶುಕ್ರವಾರ, 'ಕಿಟಕಿ ತಟ್ಟುವವ' ಹಾಡನ್ನು ನೇರವಾಗಿ ನುಡಿಸಬೇಕು. ಕೊನೆಯ ಎರಡು ರೆಕಾರ್ಡು ನೆಲ ಕಚ್ಚಿವೆ, ಅದಕ್ಕೇ ಹಳೆಯ ಹಾಡಿಗೆ ಜೋತುಬಿದ್ದಿದ್ದಾರೆ.

ಸುದ್ದಿ ಕೇಳಿ ಕುಣಿದಾಡಿದೆ. ಕುಣಿದದ್ದು ಒಂದೇ ದಿನ. ಪೈಕ್ ಅದಕ್ಕೂ ಉಪಾಯ ಹೂಡಿದ್ದಾನೆ. ಹಿಂದಿನ ಪರದೆಯ ಆಚೆ ಟರ್ನ್‌ಬುಲ್ ಇನ್ನೊಂದು ಡ್ರಮ್ ಇಟ್ಟುಕೊಂಡು ಬಾರಿಸುತ್ತಾನೆ, ಮೈಕು ಅವನ ಮುಂದೆ. ನನ್ನ ಡ್ರಮ್ಮಿಗೆ ಸದ್ದು ಬರದಂತೆ ಒಳಗಡೆ ಕಂಬಳಿ ತುರುಕುತ್ತಾರೆ. ಮುಂದೆ ಕೂತು ನಗುವುದು ನನ್ನ ಕೆಲಸ. ಒಪ್ಪದಿದ್ದರೆ ನನ್ನ ಜಾಗಕ್ಕೆ ಇನ್ನೊಬ್ಬಳು ಹುಡುಗಿ ಸಿದ್ಧವಿದ್ದಾಳಂತೆ. ಅವಳಿಗೆ ಕೋಲು ಹಿಡಿಯಲೂ ಬರುವುದಿಲ್ಲವಂತೆ, ಅದು ಅಡ್ಡಿಯಿಲ್ಲವಂತೆ.

ನೋಡಬೇಡ, ಅತ್ತೆ. ಬೀದಿಯವರಿಗೂ ಹೇಳು.

ಥೆಲ್ಮಾ

*

ಲಂಡನ್
8 ಅಕ್ಟೋಬರ್ 1966

ಅತ್ತೆ,

ನನ್ನನ್ನು ತಂಡದಿಂದ ಓಡಿಸಿದರು. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳುತ್ತೇನೆ.

ನಿನ್ನೆ ಮುಂದಿನ ಸ್ಟೂಲಿನ ಮೇಲೆ ಕೂತಿದ್ದೆ. ಎದುರಿಗೆ ಕಂಬಳಿ ತುಂಬಿದ ಡ್ರಮ್ಮು. ಟರ್ನ್‌ಬುಲ್ ಕೊನೇ ಗಳಿಗೆಯಲ್ಲಿ ಒಂದು ಕಪ್ ಚಹಾ ತರಲು ಎದ್ದುಹೋದ. ಆಗ ನನಗೆ ನಿನ್ನ ಸ್ಪ್ಯಾನರ್ ನೆನಪಾಯಿತು. ಎದ್ದೆ. ಪರದೆಯ ಹಿಂದೆ ಹೋಗಿ ಅವನ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವನು ಕಪ್ಪು ಹಿಡಿದು ಬರುವುದಕ್ಕೂ ಕೆಂಪು ದೀಪ ಹತ್ತುವುದಕ್ಕೂ ಸರಿಹೋಯಿತು. ಪ್ರಸಾರದ ಆ ದೀಪ ಹತ್ತಿದ ಮೇಲೆ ಒಳಗೆ ಯಾರೂ ಕೆಮ್ಮುವ ಹಾಗಿಲ್ಲ. ಪೈಕ್ ಕೈ ಕೈ ಬೀಸುತ್ತಿದ್ದ, ಮುಖ ಬೀಟ್‌ರೂಟ್ ಆಗಿತ್ತು. ಟರ್ನ್‌ಬುಲ್ ಒಂದು ಕ್ಷಣ ನನ್ನನ್ನು ನೋಡಿದ, ಆಮೇಲೆ ಗೋಡೆಗೆ ಒರಗಿ ಚಹಾ ಕುಡಿದ.

ಬಾರಿಸಿದೆ ಅತ್ತೆ. ಮೊದಲಿಂದ ಕೊನೆವರೆಗೆ, ಕುಂಟಿಸಿಕೊಂಡೇ ಬಾರಿಸಿದೆ.

ಆದರೆ ಪರದೆಯ ಮುಂದೆ ಖಾಲಿ ಸ್ಟೂಲು. ದೇಶಕ್ಕೆ ಕಂಡದ್ದು ಅಷ್ಟೇ. ನನ್ನ ಮುಖ ಯಾರೂ ನೋಡಲಿಲ್ಲ. ಬಾರಿಸಿದವಳು ನಾನು ಅಂತ ಯಾರಿಗೂ ಗೊತ್ತಿಲ್ಲ. ನಿನಗಂತೂ ಕೇಳುವುದೂ ಇಲ್ಲ, ಮೇಲಾಗಿ ನೋಡಬೇಡ ಅಂತ ನಾನೇ ಬರೆದಿದ್ದೆ. ಕೆಲಸ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಇದೊಂದಕ್ಕೆ ಇದೆ.

ಥೆಲ್ಮಾ

*

ಬರ್ನ್ಲಿ
10 ಅಕ್ಟೋಬರ್ 1966, ಸೋಮವಾರ

ನನ್ನ ಥೆಲ್ಮಾ,

ನಿನ್ನ ಕಾಗದವೇನೂ ಇನ್ನೂ ಬಂದಿಲ್ಲ. ಬರುವವರೆಗೆ ಕಾಯುವ ತಾಳ್ಮೆ ನನಗಿಲ್ಲ.

ನೋಡಬೇಡ ಅಂದರೆ ನೋಡದೆ ಇರುವ ಬೀದಿಯೇ ಇದು? ಶುಕ್ರವಾರ ಆಲಿಸಳ ಮನೆಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ಹಾಡು ಶುರುವಾಯಿತು. ಡ್ರಮ್ಮಿದೆ, ಸ್ಟೂಲಿದೆ, ನೀನಿಲ್ಲ. "ಓಡ್ಸಿಬಿಟ್ರು ಕಣೇ ನಮ್ ಹುಡ್ಗೀನ" ಅಂದಳು ಆಲಿಸ್. ನಾನು ಎದ್ದು ಹೊರಟೆ. ಅಷ್ಟು ಜನರನ್ನು ದಾಟಿ ಬಾಗಿಲಿಗೆ ಹೋಗಬೇಕಾದರೆ ಟಿ.ವಿ. ಪೆಟ್ಟಿಗೆಗೆ ಕೈ ಊರಬೇಕಿತ್ತು. ಊರಿದೆ.

ಅದು ಎಡವಿತು, ಥೆಲ್ಮಾ.

ಮೂರನೇ ಹೊಡೆತಕ್ಕೆ ಎಡವಿತು, ಮತ್ತೆ ಎಡವಿತು. ನಾಲ್ಕನೇ ಮಗ್ಗ ನನ್ನ ಅಂಗೈ ಕೆಳಗೆ! ನಾನು ಕಿರುಚಿದೆನಂತೆ, ನನಗೆ ಗೊತ್ತಿಲ್ಲ. ಒಬ್ಬರೂ ನಂಬಲಿಲ್ಲ. "ವಿನ್ನಿ, ಸ್ಟೂಲ್ ಖಾಲಿ ಇದೆ ನೋಡು, ಕೂತ್ಕೋ" ಅಂದರು. ಅಷ್ಟರಲ್ಲಿ ಡೆಸ್ ಹಾಡಿನ ನಡುವೆ ಹಿಂದಕ್ಕೆ ನೋಡಿ, ಮೈಕಿನಿಂದ ನಾರ್ಮನ್ ಕಡೆ ಮುಖ ತಿರುಗಿಸಿ, "ಎಲ್ ಸತ್ಲೋ ಇವ್ಳು?" ಅಂದ. ನಾರ್ಮನ್ ಕೂಡ ನೇಕಾರ್ತಿಯ ಮಗನಲ್ಲವೇ, ಅವನ ತಾಯಿ ಕಿಟಕಿಯ ಪಕ್ಕದ ಸಾಲಿನವಳು. ಅವನು ಕ್ಯಾಮೆರಾ ಕಡೆಗೆ ಮುಖ ತಿರುಗಿಸಿದ. ನುಡಿಸುತ್ತಲೇ, ಒಂದಿಷ್ಟೂ ಸದ್ದಿಲ್ಲದೆ, ನಮ್ಮ ಶೆಡ್ಡಿನಲ್ಲಿ ಹೇಳುವ ಹಾಗೆ ಬಾಯಿ ಅಗಲಿಸಿ ನಿಧಾನವಾಗಿ ಹೇಳಿದ: "ಪರದೆ ಹಿಂದೆ. ಥೆಲ್ಮಾನೇ."

ದೇಶದಲ್ಲಿ ಎಷ್ಟು ಜನ ನೋಡಿದರೋ ಏನೋ, ಆ ಮಾತು ತಲುಪಿದ್ದು ನಮ್ಮಂಥವರಿಗೆ ಮಾತ್ರ. ಎಲ್ಲರೂ ಎದ್ದುಬಂದು ಪೆಟ್ಟಿಗೆಯ ಮೇಲೆ ಕೈ ಇಟ್ಟರು. ಜಾಗ ಸಿಗದವರು ಕೈ ಇಟ್ಟವರ ಬೆನ್ನ ಮೇಲೆ ಕೈ ಇಟ್ಟರು. ಆಲಿಸಳ ಗಂಡ, "ಸೆಟ್ ಬಾಡಿಗೇದು ಕಣ್ರೇ!" ಅಂತ ಬಡಿದುಕೊಳ್ಳುತ್ತಿದ್ದ. ಯಾರು ಕೇಳುತ್ತಾರೆ? ನಾನು ಅತ್ತುಬಿಟ್ಟೆ. ಯಾವತ್ತೂ ಅತ್ತವಳಲ್ಲ ನಾನು.

ಇವತ್ತು ಬೆಳಿಗ್ಗೆ ಶೆಡ್ಡಿನಲ್ಲಿ ಯಾರು ಶುರುಮಾಡಿದರೋ, ಮರದ ಅಟ್ಟೆಯ ಬೂಟು ಹಾಕಿದವರೆಲ್ಲ ಮಗ್ಗದ ಮುಂದೆ ನಿಂತಲ್ಲೇ ಕಾಲು ಬಡಿದರು, ನಿನ್ನ ತಾಳಕ್ಕೆ. ಕಲ್ಲು ಹಾಸು ನಡುಗಿತು. ಮ್ಯಾಂಚೆಸ್ಟರಿನಿಂದ ಬಂದ ಹೊಸ ಮ್ಯಾನೇಜರ್ ಓಡಿಬಂದು ಏನೇನೋ ಕೂಗಿದ. ನಾವು ಅವನ ಮುಖಕ್ಕೇ ತುಟಿಯಲ್ಲಿ ಉತ್ತರ ಕೊಟ್ಟೆವು. ಪಾಪ, ಅವನಿಗೆ ತುಟಿ ಓದಲು ಬಾರದು. ಸಭ್ಯವಾದ ಉತ್ತರವೂ ಆಗಿರಲಿಲ್ಲ.

ಆಮೇಲೆ ಮೇಸ್ತ್ರಿ ಸ್ಪ್ಯಾನರ್ ಹಿಡಿದು ನಾಲ್ಕನೇ ಮಗ್ಗದ ಹತ್ತಿರ ಬಂದ. ನಾನು ಅಡ್ಡ ನಿಂತೆ. "ಮುಟ್ಬೇಡ" ಅಂದೆ. ಅವನ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡೆ. ನೋಡಿದ, ಹೋದ. ಸ್ಪ್ಯಾನರ್ ನನ್ನ ಕೈಯಲ್ಲಿದೆ.

ನಿನ್ನನ್ನು ಓಡಿಸಿಯೇ ಇರುತ್ತಾರೆ, ಆದರೂ ಮನೆಗೆ ಬಂದು ಕೂತಿರಬೇಡ. ಎರಡು ದಿನ ಬಾ, ಹೊಟ್ಟೆ ತುಂಬ ಪೈ ತಿನ್ನು, ವಾಪಸು ಹೋಗು.

ವಿನ್ನಿ ಅತ್ತೆ

*

ಲಂಡನ್
4 ಮಾರ್ಚ್ 1968

ಅತ್ತೆ,

ಕ್ಯಾಲಿಕೋಸ್ ಕಥೆ ಮುಗಿಯಿತು. ಡೆಸ್ ಒಬ್ಬನೇ ಹಾಡುತ್ತೇನೆ ಅಂತ ಹೋದ, ಈಗ ಹಡಗಿನಲ್ಲಿ ಮುದುಕರಿಗೆ ಹಾಡುತ್ತಿದ್ದಾನಂತೆ. ಕೋಲು ಹಿಡಿಯಲು ಬಾರದ ಆ ಹುಡುಗಿ ಮೂರೇ ತಿಂಗಳಿಗೆ ಬಿಟ್ಟಳು. ಗೌನಿನಲ್ಲಿ ಮಂಡಿಗೆ ಚಳಿಯಾಗುತ್ತದೆ ಅಂತ ನನಗೆ ಫೋನು ಮಾಡಿ ಬೈದಳು. ಪೈಕ್ ಬೇರೆ ಹುಡುಗರನ್ನು ಹುಡುಕಿಕೊಂಡಿದ್ದಾನೆ.

ನಾನು ಮತ್ತು ನಾರ್ಮನ್ ಇಬ್ಬರು ಹುಡುಗಿಯರನ್ನು ಸೇರಿಸಿಕೊಂಡು ಹೊಸ ತಂಡ ಕಟ್ಟಿದ್ದು ನಿನಗೆ ಗೊತ್ತು. ನಿನ್ನೆ ರೆಕಾರ್ಡಿಂಗ್ ಆಯಿತು. ಸಣ್ಣ ಜಾಗ, ಹಿಂದೆ ಕೋಳಿ ಕಡಿಯುವ ಅಂಗಡಿಯಾಗಿತ್ತು. ಮೊದಲನೇ ಸಲ ಬಾರಿಸಿ ಮುಗಿಸಿದೆ. ಗಾಜಿನಾಚೆ ಇದ್ದವನು ತಲೆ ಕೆರೆದುಕೊಂಡ. ಅವನ ದನಿ ಈ ಕಡೆ ಬರುತ್ತಿರಲಿಲ್ಲ, ಗುಂಡಿ ಒತ್ತುವುದನ್ನು ಮರೆತಿದ್ದ. ಪಕ್ಕದವನ ಹತ್ತಿರ ಏನೋ ಹೇಳಿದ. ನಾನು ತುಟಿ ನೋಡಿದೆ.

"ಈ ಡ್ರಮ್ ಕುಂಟುತ್ತಲ್ಲೋ. ಹೇಳೋದಾ?"

ನಾನು ಎದ್ದು ಗಾಜಿನ ಹತ್ತಿರ ಹೋದೆ. ಬಾಯಿ ಅಗಲಿಸಿ, ನಿಧಾನವಾಗಿ, ಸದ್ದಿಲ್ಲದೆ ಹೇಳಿದೆ. ಅವನು ಬರ್ನ್ಲಿಯವನಲ್ಲ, ಆದರೂ ಅರ್ಥವಾಯಿತು.

"ಹೌದು. ಕುಂಟಲಿ."

ರೆಕಾರ್ಡ್ ಬಂದ ಕೂಡಲೇ ಕಳಿಸುತ್ತೇನೆ. ಅಂಗೈ ಇಟ್ಟು ಕೇಳು.

ನಿನ್ನ ಥೆಲ್ಮಾ